ಕೋಳಿ ಬಳಗದ ನಾಲ್ಕನೇ ನಿಯಮ

ಇಬದಾನ್ ಪಕ್ಕದ ಮೊನಿಯಾದ ಕೋಳಿ ಸಾಕುವವರ ಬಳಗವನ್ನು ಹುಟ್ಟುಹಾಕಿದವಳು ಇಬಿರೊಂಕೆ. ಬಳಗ ಇದ್ದದ್ದು ಫೋನಿನೊಳಗೆ. ಮುನ್ನೂರ ಹನ್ನೆರಡು ಜನ, ಅದರಲ್ಲಿ ಮುಕ್ಕಾಲು ಪಾಲು ಹೆಂಗಸರು. ಶಾಲೆಯೊಂದರಲ್ಲಿ ಇಪ್ಪತ್ತು ವರ್ಷ ಟೈಪಿಸ್ಟ್ ಆಗಿದ್ದ ಇಬಿರೊಂಕೆ ಈಗ ಮನೆ ಹಿಂದೆ ಆರುನೂರು ಮೊಟ್ಟೆಕೋಳಿ ಸಾಕಿಕೊಂಡಿದ್ದಳು. ಅಕ್ಷರ ತಪ್ಪಿದರೆ ಅವಳಿಗೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ಆಗುತ್ತಿತ್ತು.

ಆ ಮಳೆಗಾಲದಲ್ಲಿ ಬೂಷ್ಟು ಹಿಡಿದ ಮೇವಿನ ಬಗ್ಗೆ ಯಾರೋ ಬಳಗಕ್ಕೆ ಎಚ್ಚರಿಕೆ ಹಾಕಿದ್ದರು. ಅದರ ಹಿಂದೆಯೇ ನೂರಾನಲವತ್ತು ಉತ್ತರ ಬಂದವು. ಒಬ್ಬಳು ‘ಹೌದಾ ಓ’ ಅಂದಳು, ಇನ್ನೊಬ್ಬಳು ‘ಅಬೆಗ್, ನಿಜಾನಾ?’ ಅಂದಳು, ಉಳಿದವರು ಬಾಯಿಬಿಟ್ಟ ಮುಖ, ಅಳುವ ಮುಖ, ಕುಣಿಯುವ ಹೆಂಗಸಿನ ಚಿತ್ರ ಹಾಕಿದರು. ಎಚ್ಚರಿಕೆ ಆ ಸಂತೆಯಲ್ಲಿ ಮುಚ್ಚಿಹೋಗಿ, ಹನ್ನೊಂದು ಮನೆಯವರು ಅದೇ ಮೇವು ಹಾಕಿ ಕೋಳಿ ಕಳೆದುಕೊಂಡರು. ಇಬಿರೊಂಕೆ ಮಾರನೆಯ ದಿನವೇ ನಾಲ್ಕನೇ ನಿಯಮ ಟೈಪ್ ಮಾಡಿದಳು: ‘ವಿಷಯ ಮಾತ್ರ ಬರೆಯಿರಿ. ಓ, ಶಾ, ಅಬೆಗ್ ಮುಂತಾದ ಪದಗಳು ಬೇಡ. ಯಾವ ಮುಖವೂ ಬೇಡ.’

‘ಅಬೆಗ್’ ಅಂದರೆ ದಮ್ಮಯ್ಯ. ‘ಶಾ’ ಅಂದರೆ ಏನೋ ಒಂದು, ಹೋಗಲಿ ಬಿಡಿ. ‘ಓ’ಗೆ ಇಂಥದ್ದೇ ಅರ್ಥ ಅಂತಿಲ್ಲ, ಆದರೆ ಅದನ್ನು ಸೇರಿಸದೆ ಇಬದಾನಿನಲ್ಲಿ ಯಾರೂ ಮಾತು ಮುಗಿಸುವುದಿಲ್ಲ. ಆದರೂ ಇಬಿರೊಂಕೆಯ ಮಾತಿಗೆ ಎಲ್ಲರೂ ತಲೆಬಾಗಿದರು. ಬಳಗ ಗುಡಿಸಿದ ಅಂಗಳದ ಹಾಗಾಯಿತು. ದಿನಕ್ಕೆ ಹತ್ತು ಹದಿನೈದು ಸಂದೇಶ, ಒಂದೊಂದೂ ಚುಟುಕು. ಬೆಳಿಗ್ಗೆ ಗಂಜಿ ಕುಡಿಯುತ್ತ ಅದನ್ನು ನೋಡುವಾಗ ಅವಳ ಎದೆ ಉಬ್ಬುತ್ತಿತ್ತು.

ಸಣ್ಣಪುಟ್ಟ ಮುನಿಸುಗಳು ಶುರುವಾದದ್ದನ್ನು ಅವಳು ಅಷ್ಟಾಗಿ ಗಮನಿಸಲಿಲ್ಲ. ‘ನಿಮ್ಮ ಮೊಟ್ಟೆ ಚಿಕ್ಕದು’ ಎಂದು ಒಬ್ಬಳು ಬರೆದಳೆಂದು ಅಕ್ಕಪಕ್ಕದ ಇಬ್ಬರು ಮಾತು ಬಿಟ್ಟರು. ‘ಸರಿ.’ ಎಂದು ಬರೆದು ಚುಕ್ಕೆ ಇಟ್ಟವಳಿಗೆ ಏನು ಸಿಟ್ಟು ಎಂದು ಇನ್ನೊಬ್ಬಳು ಮೂರು ದಿನ ತಲೆ ಕೆಡಿಸಿಕೊಂಡಳು.

ಒಣಗಾಳಿಯ ದಿನಗಳು ಬಂದವು. ಒಂದು ಗುರುವಾರ ಬೆಳಿಗ್ಗೆ ಇರೊಕೊ ಹಳ್ಳಿಯ ಅಲ್ಹಾಜಾ ಸಿಫಾವು ಮೊಮ್ಮಗಳ ಕೈಯಿಂದ ಬಳಗಕ್ಕೆ ಬರೆಸಿದಳು. ಹಜ್ ಮುಗಿಸಿ ಬಂದು ಅಲ್ಹಾಜಾ ಎನಿಸಿಕೊಂಡ, ಎಪ್ಪತ್ತು ದಾಟಿದ, ಇಡೀ ಹಳ್ಳಿ ಅಮ್ಮ ಎನ್ನುವ ಹೆಂಗಸು. ‘ಹಸಿರು ಹಿಕ್ಕೆ. ಒಂಬತ್ತು ಕೋಳಿಗಳ ಕತ್ತು ತಿರುಚಿದೆ. ಏನು ಮಾಡಲಿ.’

ಪಶುವೈದ್ಯ ತೆರ್ಕುಲಾ ಕೂಡಲೇ ಉತ್ತರಿಸಿದ. ದೂರದ ಮಕುರ್ಡಿಯಿಂದ ಹೊಸದಾಗಿ ಬಂದ ಹುಡುಗ. ಇಲ್ಲಿಯ ಯೊರುಬಾ ಮಾತು ಅವನಿಗೆ ಇನ್ನೂ ಅಷ್ಟಾಗಿ ಬಾರದು, ಆದರೆ ನಿಯಮ ಮಾತ್ರ ಚಾಚೂತಪ್ಪದೆ ಪಾಲಿಸುವವನು. ‘ಇದು ಕೊಕ್ಕರೆ ರೋಗ. ಔಷಧಿ ಇಲ್ಲ. ನಿಮ್ಮ ಕೋಳಿಗಳು ಸಾಯುತ್ತವೆ. ಒಂದನ್ನೂ ಮಾರಬೇಡಿ. ಯಾರ ಮನೆಗೂ ಹೋಗಬೇಡಿ.’

ಐದು ನಿಮಿಷದಲ್ಲಿ ಅಲ್ಹಾಜಾ ಬಳಗ ಬಿಟ್ಟಳು. ಮಧ್ಯಾಹ್ನದೊಳಗೆ ಇರೊಕೊದ ಉಳಿದ ಹದಿನೈದು ಹೆಂಗಸರೂ ಬಿಟ್ಟರು.

ತೆರ್ಕುಲಾ ಇಬಿರೊಂಕೆಗೆ ಫೋನ್ ಮಾಡಿದ. “ಆಂಟಿ ರೊಂಕೆ, ನಾನೇನು ತಪ್ಪು ಬರ್ದೆ?”

“ಒಂದಕ್ಷರ ತಪ್ಪಿಲ್ಲ ಡಾಕ್ಟ್ರೇ.”

“ಮತ್ಯಾಕೆ ಹೋದ್ರು? ಆ ಹದಿನೈದು ಮನೆ ಕೋಳಿಗಳಿಗೆ ನಾಳೆ ನಾಡಿದ್ದರೊಳಗೆ ಲಸಿಕೆ ಹಾಕ್ಲೇಬೇಕು. ಅಜ್ಜಿ ಶನಿವಾರದ ಸಂತೆಗೆ ಕೋಳಿ ತಗೊಂಡು ಹೋದ್ರೆ ಮುಗೀತು, ನಿಮ್ಮ ಮನೆವರೆಗೂ ಬರುತ್ತೆ. ಫೋನ್ ಎತ್ತುತಾ ಇಲ್ಲ ಅವ್ರು.”

ಇಬಿರೊಂಕೆ ಬಾಡಿಗೆ ಬೈಕ್ ಹತ್ತಿದಳು. ಅಲ್ಹಾಜಾಳ ಅಂಗಳಕ್ಕೆ ಕಾಲಿಡುವಂತಿರಲಿಲ್ಲ. ಚಪ್ಪಲಿಗೆ ಅಂಟಿಕೊಂಡೇ ರೋಗ ಮನೆಗೆ ಬರುತ್ತದೆ. ಗೇಟಿನ ಹೊರಗೆ, ಕೆಂಪು ಧೂಳಿನಲ್ಲೇ ಮಂಡಿಯೂರಿ ನಮಸ್ಕರಿಸಿದಳು. ಅಲ್ಹಾಜಾ ಒಳಗೆ ಮಾವಿನ ಮರದ ಕೆಳಗೆ ಕೂತಿದ್ದಳು.

“ಏಳೇ ರೊಂಕೆ, ಬಟ್ಟೆ ಹಾಳಾಗುತ್ತೆ. ಯಾಕೆ ಬಂದೆ? ಸತ್ತಿದ್ದನ್ನ ಎಣಿಸೋಕಾ?”

“ಹಾಗನ್ಬೇಡಿ ಅಮ್ಮ. ನಿಮ್ಮನ್ನ ನೋಡೋಕೆ ಬಂದೆ.”

“ಆ ಹುಡುಗ ನನ್ನ ಕೋಳಿಗೆ ಶಾಪ ಹಾಕಿದ್ನಲ್ಲೇ! ಸಾಯುತ್ತವೆ ಅಂತೆ. ಯಾರ ಮನೆಗೂ ಹೋಗ್ಬೇಡ ಅಂತೆ. ನಾನೇನು ಮಾಟಗಾತೀನಾ? ನಂಗೆ ಓದೋಕೆ ಕಣ್ಣು ಸಾಲದು, ಮೊಮ್ಮಗಳು ಓದಿ ಹೇಳಿದ್ಲು. ಓದ್ತಾ ಓದ್ತಾ ಅವಳೇ ಅತ್ತುಬಿಟ್ಲು.”

“ಇರಿ ಅಮ್ಮ, ನಾನು ಓದಿ ಹೇಳ್ತೀನಿ.” ಇಬಿರೊಂಕೆ ತನ್ನ ಫೋನ್ ತೆಗೆದು ಅದೇ ಸಂದೇಶವನ್ನು ಓದಿದಳು. ಎದುರಿಗೆ ಹಿರಿಯಳೊಬ್ಬಳು ಕೂತಿದ್ದಾಳೆಂದ ಮೇಲೆ ನಾಲಿಗೆ ಸುಮ್ಮನಿರುತ್ತದೆಯೇ? “ಅಯ್ಯೋ, ಕೊಕ್ಕರೆ ರೋಗ ಇದು ಓ. ಔಷಧಿ ಇಲ್ವಂತೆ ಅಮ್ಮ, ಏನ್ಮಾಡೋಣ. ಹುಷಾರಿಲ್ದೇ ಇರೋವು ಉಳಿಯೋದು ಕಷ್ಟ ಶಾ. ಅಬೆಗ್, ಒಂದನ್ನೂ ಮಾರ್ಬೇಡಿ ಓ...”

ಅಲ್ಹಾಜಾ ಮರದ ಕೆಳಗಿಂದಲೇ ಗೇಟಿನತ್ತ ತಿರುಗಿ ಕೂತಳು.

“ಹೀಗೇ ಬರೀಬಾರ್ದಿತ್ತಾ ಅವ್ನು?”

“ನಿಯಮ ಇದೆಯಲ್ಲ ಅಮ್ಮ...”

“ಆ ನಿಯಮ ಮಾಡಿದ ಪುಣ್ಯಾತ್ಗಿತ್ತಿ ಯಾರು?”

ಇಬಿರೊಂಕೆಯ ಕಿವಿ ಬಿಸಿಯಾಯಿತು. ತಾನು ಗುಡಿಸಿ ಹಾಕಿದ್ದು ಕಸವಲ್ಲ, ಮಾತಿಗೆ ಮುಂಚೆ ಊರುವ ಮಂಡಿ ಅದು, ಹೆಗಲ ಮೇಲೆ ಇಡುವ ಕೈ ಅದು ಎಂದು ಅವಳಿಗೆ ಆ ಗೇಟಿನ ಎದುರು ಹೊಳೆಯಿತು. ಹೊಳೆದದ್ದನ್ನು ಒಪ್ಪಿಕೊಳ್ಳಲು ಅವಳಿಗೆ ಒಂದು ಗುಟುಕು ನೀರು ಬೇಕಾಯಿತು.

“ನಾನೇ ಅಮ್ಮ. ತಪ್ಪು ನಂದೇ.”

“ಹಂಗಾದ್ರೆ ನೀನೇ ಬರಿ. ಇಲ್ಲೇ, ನನ್ನ ಕಣ್ಣೆದುರು.”

ತೆರ್ಕುಲಾನಿಗೆ ಫೋನ್ ಮಾಡಿ ಲಸಿಕೆಯ ಹೊತ್ತು ಕೇಳಿಕೊಂಡು, ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತು ಅವಳು ಬರೆದಳು. ಒಂದೊಂದು ಸಾಲನ್ನೂ ಗಟ್ಟಿಯಾಗಿ ಕೂಗಿ ಹೇಳಿದಳು. ಅಲ್ಹಾಜಾ ಒಳಗಿನಿಂದ ತಿದ್ದಿದಳು.

“ಕೊನೆಗೆ ಅಳೋ ಮುಖ ಹಾಕ್ಲಾ ಅಮ್ಮ?”

“ಬೇಡ. ಅತ್ರೆ ಎಲ್ಲಾ ಮುಗಿದೇಹೋಯ್ತು ಅಂದ್ಕೋತಾರೆ. ಕೈ ಮುಗಿದಿದ್ದು ಹಾಕು.”

“ಒಂದಾ, ಎರಡಾ?”

“ಒಂದು ಸಾಕು. ಮೂರು ಹಾಕಿದ್ರೆ ಸಾಲ ಕೇಳೋಕೆ ಬಂದಿದಾಳೆ ಅಂತಾರೆ. ಮತ್ತೆ ‘ಓ’ ಎಲ್ಲಾ ಸಾಲಿಗೂ ಮೆತ್ತಬೇಡ, ಸಾರಿಗೆ ಉಪ್ಪು ಜಾಸ್ತಿಯಾದ ಹಾಗೆ ಆಗುತ್ತೆ. ಲಸಿಕೆ ಮಾತು ಬರುತ್ತಲ್ಲ, ಅಲ್ಲಿ ಬೇಡವೇ ಬೇಡ. ಅದು ಖಡಕ್ಕಾಗಿರ್ಲಿ.”

ಇಪ್ಪತ್ತು ವರ್ಷ ಟೈಪ್ ಮಾಡಿದ ಬೆರಳುಗಳು ಅಷ್ಟು ಎಚ್ಚರದಿಂದ ಯಾವ ಪತ್ರವನ್ನೂ ಬರೆದಿರಲಿಲ್ಲ. ಸಂದೇಶ ಹೀಗೆ ಹೋಯಿತು:

‘ಅಮ್ಮಂದಿರೇ, ಅಕ್ಕಂದಿರೇ, ಚೆನ್ನಾಗಿದೀರಾ ಓ? ಮಕ್ಕಳು ಹೇಗಿದಾವೆ? ಅಬೆಗ್, ಒಂದು ನಿಮಿಷ ಇಲ್ಲಿ ಕೇಳಿ. ನಮ್ಮ ಅಲ್ಹಾಜಾ ಮನೆ ಕೋಳಿಗೆ ಕೊಕ್ಕರೆ ರೋಗ ಬಂದಿದೆ. ಯಾರ ತಪ್ಪೂ ಅಲ್ಲ, ಗಾಳಿ ಹಂಗಿದೆ ಶಾ. ನಮ್ಮ ಮೇಲಿನ ಪ್ರೀತಿಗೆ ಅವ್ರು ಗೇಟ್ ಹಾಕ್ಕೊಂಡು ಕೂತಿದಾರೆ, ಒಂದು ಕೋಳೀನೂ ಮಾರಲ್ಲ ಅಂದಿದಾರೆ. ಅವ್ರಿಗೆ ಒಂದು ಸಮಾಧಾನದ ಮಾತು ಹೇಳಿ ಓ. ಇರೊಕೊದ ಎಲ್ಲ ಮನೆಗೂ ನಾಳೆ ಬೆಳಿಗ್ಗೆ ಏಳಕ್ಕೆ ಡಾಕ್ಟರು ಲಸಿಕೆ ಕಳಿಸ್ತಾರೆ. ಅದಕ್ಕೂ ಮುಂಚೆ ಎರಡು ಗಂಟೆ ಕೋಳಿಗೆ ನೀರಿಡಬೇಡಿ. ಆಮೇಲೆ ಲಸಿಕೆ ಬೆರೆಸಿದ ನೀರನ್ನೇ ಇಡಿ. ನಾಲ್ಕನೇ ನಿಯಮ ಇವತ್ತಿಗೆ ಮುಗೀತು. ಮಾಡಿದ್ದು ನಾನು, ತೆಗೀತಿರೋದೂ ನಾನು.’ ಕೊನೆಗೆ ಕೈ ಮುಗಿದ ಚಿತ್ರ, ಒಂದೇ ಒಂದು.

ಬಿಟ್ಟುಹೋದ ಹದಿನಾರು ಜನರನ್ನೂ ಅವಳು ಅದಕ್ಕೆ ಮುಂಚೆಯೇ ಮತ್ತೆ ಸೇರಿಸಿಕೊಂಡಿದ್ದಳು. ಸಂಜೆಯೊಳಗೆ ನಾನೂರಕ್ಕೂ ಹೆಚ್ಚು ಉತ್ತರ ಬಂದವು. ತಿಂಗಳುಗಟ್ಟಲೆ ಕಟ್ಟಿಟ್ಟ ‘ಓ’ಗಳೆಲ್ಲ ಒಡ್ಡು ಒಡೆದ ಹಾಗೆ ಹರಿದವು. ಆದರೆ ಈ ಸಲ ವಿಷಯ ಮುಚ್ಚಿಹೋಗಲಿಲ್ಲ. ಒಬ್ಬಳಾದ ಮೇಲೆ ಒಬ್ಬಳು ‘ಏಳು ಗಂಟೆ, ನೆನಪಿರ್ಲಿ ಓ’ ಎಂದು ಅದನ್ನೇ ಮೇಲೆತ್ತಿ ಹಿಡಿದಳು. ತೆರ್ಕುಲಾ ಕೂಡ ಬರೆದ: ‘ಓ ಅಲ್ಹಾಜಾ, ಕ್ಷಮಿಸಿ.’ ಸಾಲಿನ ಕೊನೆಗೆ ಬರಬೇಕಾದ ‘ಓ’ ಮೊದಲಲ್ಲೇ ಕೂತಿತ್ತು. ಹೆಂಗಸರು ಬಿದ್ದು ಬಿದ್ದು ನಕ್ಕರು. “ಡಾಕ್ಟ್ರು ಚಡ್ಡಿ ತಲೆಗೆ ಹಾಕ್ಕೊಂಡಿದಾರೆ ಓ!” ಎಂದು ಅಲ್ಹಾಜಾಳೇ ಧ್ವನಿಸಂದೇಶ ಕಳಿಸಿದಳು.

ಅಲ್ಹಾಜಾಳ ಇನ್ನೂರ ಎಂಬತ್ತು ಕೋಳಿಗಳಲ್ಲಿ ಉಳಿದದ್ದು ಮೂವತ್ತೊಂದು. ಅವಳು ಸಂತೆಗೆ ಹೋಗಲಿಲ್ಲ. ಹದಿನೈದು ಮನೆಗಳಲ್ಲಿ ಹದಿಮೂರರ ಕೋಳಿಗಳು ಪೂರ್ತಿ ಉಳಿದವು. ಎರಡು ಕಡೆ ರೋಗ ಲಸಿಕೆಗಿಂತ ಮುಂಚೆಯೇ ಹೊಕ್ಕಿತ್ತು. ಒಣಗಾಳಿ ಇಳಿದ ಮೇಲೆ ಉಳಿದವರು ತಲಾ ಹತ್ತು ಹದಿನೈದು ಮರಿ ತಂದು ಅಲ್ಹಾಜಾಳ ಗೂಡು ತುಂಬಿಸಿದರು.

ಎರಡು ತಿಂಗಳ ನಂತರ ಇಬದಾನಿನಲ್ಲಿ ಸುತ್ತಲಿನ ಕೋಳಿ ಸಾಕಣೆದಾರರ ಸಭೆ ನಡೆಯಿತು. ಓಯೊ ಕಡೆಯ ಹೆಂಗಸೊಬ್ಬಳು ಎದ್ದು, ತಮ್ಮೂರಿಗೂ ರೋಗ ಬಂದಾಗ ಎಲ್ಲಿಂದಲೋ ಬಂದ ಸಂದೇಶವೊಂದನ್ನು ಹೆಸರು ಬದಲಿಸಿ ಹಂಚಿದೆವು, ಜನ ಮಾತು ಕೇಳಿದರು ಎಂದು ಹೇಳಿದಳು. ಕಾಗದ ನೋಡದೆ ಬಾಯಿಪಾಠ ಒಪ್ಪಿಸಿದಳು. ಪ್ರತಿ ‘ಓ’, ಪ್ರತಿ ‘ಶಾ’ ಅದರದರ ಜಾಗದಲ್ಲೇ ಇತ್ತು. “ಯಾವ ಪುಣ್ಯಾತ್ಮರು ಬರೆದರೋ ಗೊತ್ತಿಲ್ಲ,” ಎಂದು ಕೂತಳು.

ಇಬಿರೊಂಕೆಯ ಪಕ್ಕದಲ್ಲಿದ್ದ ತೆರ್ಕುಲಾ ಅವಳ ಮೊಣಕೈ ತಿವಿದ. ಇನ್ನೊಂದು ಪಕ್ಕದಲ್ಲಿದ್ದ ಅಲ್ಹಾಜಾ, “ಏಳೇ, ಮದುಮಗಳ ಹಾಗೆ ಯಾಕೆ ಕೂತಿದೀಯ?” ಅಂದಳು.

ಇಬಿರೊಂಕೆ ಎದ್ದಳು. ತಲೆವಸ್ತ್ರ ಸರಿಮಾಡಿಕೊಂಡಳು. ಇನ್ನೂರು ಮುಖಗಳು ಅವಳತ್ತ ತಿರುಗಿದವು.

“ನಾನು ಬರೆದದ್ದು,” ಅಂದಳು. “ಮೊನಿಯಾದ ಇಬಿರೊಂಕೆ. ಇರೊಕೊದ ಅಲ್ಹಾಜಾ ಸಿಫಾವು ತಿದ್ದಿದ್ದು.”