ಕ್ಯಾಚರ್‌ಗೆ ಒಂದು ವೋಟು

2014ರ ಅಮೆರಿಕನ್ ಬೇಸ್‌ಬಾಲ್ ಸೀಸನ್ ಮುಗಿದಿತ್ತು. ಆ ವರ್ಷದ ಅತ್ಯುತ್ತಮ ಆಟಗಾರ ಯಾರು ಎಂದು ಸೆಂಬವಾಂಗ್‌ನ ನಮ್ಮ ಬ್ಲಾಕ್‌ನ ನೆಲಮಹಡಿಯ ತೆರೆದ ಜಾಗವಾದ ವಾಯ್ಡ್ ಡೆಕ್‌ನಲ್ಲಿ ವಾದ ಎದ್ದಿತು. ಪಕ್ಕದ ಮನೆಯ ಗಿರಿಧರ್ ವೋಟಿಗೆ ಹಾಕಿದರು.

"ಜಾಸ್ತಿ ಹೋಮ್ ರನ್ ಹೊಡೆದವನೇ. ಇದ್ರಲ್ಲಿ ಡಿಸ್ಕಸ್ ಮಾಡೋಕೆ ಏನಿದೆ?" ಎಂದರು. ನಾನೂ ಅವರ ಮಾತಿಗೇ ಕೈ ಎತ್ತಿದೆ. ಗದಗಿನ ಕಾಲೇಜಿನಲ್ಲಿ ನಾನು ವಿಕೆಟ್ ಕೀಪರ್ ಆಗಿದ್ದವನು. ಸೆಂಚುರಿ ಹೊಡೆದವರ ಫೋಟೊ ಅಲ್ಲಿನ ಗೋಡೆಯ ಮೇಲಿದೆ. ನನಗೆ ಉಳಿದದ್ದು ಚೆಂಡು ಬಡಿದು ಸೊಟ್ಟಗಾದ ಕಿರುಬೆರಳು. ಜನ ಏನನ್ನು ನೋಡುತ್ತಾರೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಶಾಲೆಯಲ್ಲಿ ಸಾಫ್ಟ್‌ಬಾಲ್ ಆಡುವ ನನ್ನ ಮಗಳು ಅಕ್ಷತಾ ಮಾತ್ರ ಒಪ್ಪಲಿಲ್ಲ. ಅಷ್ಟೇನೂ ಹೋಮ್ ರನ್ ಹೊಡೆಯದ, ಬ್ಯಾಟ್ ಹಿಡಿದವನ ಹಿಂದೆ ಕೂರುವ ಒಬ್ಬ ಕ್ಯಾಚರ್‌ನ ಹೆಸರು ಹೇಳಿದಳು.

"ಅವನು ಬರೀ ಬಾಲ್ ಹಿಡಿಯೋನಲ್ವಾ?" ಗಿರಿಧರ್ ನಕ್ಕರು.

"ಇಡೀ ಮ್ಯಾಚ್ ಮಂಡಿ ಮಡಚಿ ಕೂತಿರ್ತಾನೆ ಅಂಕಲ್. ಯಾವ ಬಾಲ್ ಹಾಕ್ಬೇಕು ಅಂತ ಪಿಚರ್‌ಗೆ ಸಿಗ್ನಲ್ ಕೊಡೋನೂ ಅವನೇ. ಅವನು ಚೆನ್ನಾಗಿ ಆಡಿದ್ರೆ ಯಾರಿಗೂ ಕಾಣಲ್ಲ ಲಾ. ಒಂದು ಬಾಲ್ ಬಿಟ್ರೆ ಮಾತ್ರ ಎಲ್ರಿಗೂ ಕಾಣತ್ತೆ."

"ಇದನ್ನೆಲ್ಲ ಯಾವ ಕೋಚ್ ಹೇಳ್ಕೊಟ್ರು?" ಗಿರಿಧರ್ ಕೇಳಿದರು.

ಅವಳು ಜೇಬಿನಲ್ಲಿದ್ದ ನನ್ನ ಬಲಗೈಯನ್ನು ಹೊರಗೆಳೆದು, ಸೊಟ್ಟ ಬೆರಳು ಎಲ್ಲರಿಗೂ ಕಾಣುವಂತೆ ಕಲ್ಲಿನ ಮೇಜಿನ ಮೇಲಿಟ್ಟಳು.

ಕೊಟ್ಟ ವೋಟನ್ನು ಹಿಂದಕ್ಕೆ ತೆಗೆದುಕೊಳ್ಳುವ ಜಾಯಮಾನ ನನ್ನದಲ್ಲ. ಆದರೂ ಅದೇ ಕೈಯನ್ನು ಎತ್ತಿ, ಕ್ಯಾಚರ್‌ಗೆ ನನ್ನದೂ ಒಂದು ಎಂದೆ.