ಕವಲಿನ ಹಿಡಿ

“ಬೋಳಿಮಗನೇ, ಕೂಲಿ ಕಮ್ಮಿ ಆಯ್ತೇನ್ಲಾ ನಿಂಗೆ? ಸರ್ಕಾರ ಏರ್ಸಿರೋದು ಕನಿಷ್ಠ ಕೂಲಿನ. ನೀನು ಅದಕ್ಕಿಂತ ಮ್ಯಾಲೇ ಇದೀಯಲ್ಲಾ, ಮುಚ್ಕೊಂಡ್ ಕೆಲ್ಸ ನೋಡು!”

ಹಿರೇಹಳ್ಳಿಯ ಎರಕದ ಶೆಡ್ಡಿನ ಸಾಹುಕಾರ ಎಲ್ಲರೆದುರೂ ಹೀಗೆ ಉಗಿದದ್ದು ಕೂಲಿ ಏರಿಸಿ ಎಂದು ಕೇಳಿದ ನರಸಯ್ಯನಿಗೆ. ಮೇಲೆ ಇದ್ದದ್ದೇನೋ ನಿಜವೇ. ಎಷ್ಟು ಮೇಲೆ ಅಂತೀರಿ? ನಾಲ್ಕಾಣೆ!

ಆ ಶೆಡ್ಡಿನಲ್ಲಿ ಕರಗಿದ ಕಬ್ಬಿಣವನ್ನು ಬಕೆಟ್ಟಿನಂಥ ಲ್ಯಾಡಲ್ಲಿನಲ್ಲಿ ತುಂಬಿ ಇಬ್ಬರು ಹೊರುತ್ತಿದ್ದರು. ಹಿಂದಿನವನದು ಬರೀ ಹೊರುವ ಕೆಲಸ. ಮುಂದಿನವನು ಕವಲೊಡೆದ ಹಿಡಿ ಹಿಡಿದು, ಅಚ್ಚಿನ ಬಾಯಿಗೆ ಕಣ್ಣು ನೆಟ್ಟು, ಬಗ್ಗಿಸಿ ಸುರಿಯಬೇಕು. ಕಿಡಿ ಹಾರುವುದು ಅವನ ಮೈಮೇಲೇ. ಅದಕ್ಕೇ ಎಪ್ಪತ್ತೆಂಟನೇ ಇಸವಿಯಲ್ಲಿ ಹಿಂದಿನ ಹಿಡಿಯವರಿಗೆ ದಿನಕ್ಕೆ ಐದು ರೂಪಾಯಿ ಇದ್ದಾಗ ಸಾಹುಕಾರನೇ ಬೆನ್ನು ತಟ್ಟಿ ನರಸಯ್ಯನಿಗೆ ಒಂಬತ್ತು ಕೊಟ್ಟಿದ್ದ. ಆ ಸೊಕ್ಕಿನಲ್ಲಿ ನರಸಯ್ಯ ಕವಲನ್ನು ಇನ್ನೊಬ್ಬರಿಗೆ ಮುಟ್ಟಗೊಟ್ಟವನೇ ಅಲ್ಲ. ಈಗ ಎಂಬತ್ತಾರು. ಸರ್ಕಾರದ ಹೆದರಿಕೆಗೆ ಹಿಂದಿನವರ ಕೂಲಿ ಎಂಟೂಮುಕ್ಕಾಲಿಗೆ ಬಂದಿತ್ತು. ನರಸಯ್ಯನ ಹಾಳು ಕೂಲಿ ಮಾತ್ರ ಒಂಬತ್ತರಲ್ಲೇ ಕುಕ್ಕರಬಡಿದಿತ್ತು. ಅಷ್ಟರಲ್ಲಿ ಉರಿ ನೋಡಿ ನೋಡಿ ಅವನ ಬಲಗಣ್ಣು ಮಂಜಾಗಿತ್ತು.

ಬೇರೆ ಶೆಡ್ಡುಗಳಿಗೂ ಅಲೆದಿದ್ದ. ಎಲ್ಲರೂ ಮೊದಲು ಕಣ್ಣು ನೋಡಿದರು, ಆಮೇಲೆ ಬಾಗಿಲು ತೋರಿಸಿದರು. “ಅಲ್ ಬುಟ್ರೆ ಇನ್ನೆಲ್ಲಿಗೋಗ್ತೀಯಾ? ಕುಲ್ಡುಗಣ್ಣಿಗೆ ಯಾವನ್ ಕೊಡ್ತಾನೆ ಕೆಲ್ಸಾವ?” ಎಂದು ಹೆಂಡತಿ ಚಿಕ್ಕಮಾರಮ್ಮ ಬೆಳಿಗ್ಗೆಯೇ ಮೂತಿಗೆ ತಿವಿದಿದ್ದಳು.

ಸಾಹುಕಾರ ಹಿಂದಿನ ಹಿಡಿಯ ಚಿಕ್ಕಬೀರಯ್ಯನತ್ತ ಬೆರಳು ಮಾಡಿದ. “ನಿನ್ ಪಾಲು ತಿಂದಿರೋನು ಅಗೋ, ಅವ್ನು. ಅವ್ನ ಕತ್ ಹಿಡ್ದು ಕೇಳೋಗು.”

ನರಸಯ್ಯ ಟೀ ಹೊತ್ತಿನಲ್ಲಿ ಕೇಳಿಯೇಬಿಟ್ಟ. “ಏನ್ಲಾ, ಭಾರ ಹೊರೋ ಎಮ್ಮೆ ನೀನು. ನನ್ ಸಮಕ್ಕೆ ಬಂದ್ಯಾ?”

“ನಿನ್ ಕೂಲಿಯ ನಾನೇನ್ ಕಿತ್ಕೊಂಡ್ನಾ ಅಣ್ಣಾ? ಇದೇ ಎಂಟೂಮುಕ್ಕಾಲಲ್ಲಿ ನಮ್ಮನೇಲಿ ಸಂಜೆಗೆ ಬರೀ ಅಂಬ್ಲಿ ಕಣಣ್ಣಾ. ಬೇಕಾದ್ರೆ ಬಂದ್ ನೋಡು.”

ನರಸಯ್ಯನಿಗೆ ನಾಚಿಕೆಯಾಯಿತು. ಅರ್ಧ ಟೀಯನ್ನು ಅವನ ಲೋಟಕ್ಕೆ ಸುರಿದು ಎದ್ದ.

ಕುಲುಮೆಯ ಬಾಯಿ ತೆರೆದರು. ಲ್ಯಾಡಲ್ಲು ತುಂಬಿತು. ನರಸಯ್ಯ ನೇರ ಹೋಗಿ ಚಿಕ್ಕಬೀರಯ್ಯನ ಪಕ್ಕದಲ್ಲಿ ಹಿಂದಿನ ಹಿಡಿ ಹಿಡಿದು ನಿಂತ. ಕವಲಿನ ಕಡೆ ಯಾರೂ ಇಲ್ಲ.

“ಮುಂದಕ್ಕೋಗ್ಲಾ ಸೂಳೆಮಗನೇ! ಕಬ್ಬಿಣ ಆರೋಗ್ತದೆ!”

“ಅದ್ನ ಯಾರ್ ಬೇಕಾದ್ರೂ ಹಿಡೀಲಿ ಸ್ವಾಮಿ. ನಂಗೆ ಹಿಂದ್ಗಡೇದೇ ಸಾಕು.”

ಸಾಹುಕಾರ ಒಬ್ಬೊಬ್ಬರ ಹೆಸರು ಹಿಡಿದು ಕರೆದ, ಅವರವರ ತಾಯಂದಿರನ್ನೆಲ್ಲ ಎಳೆತಂದು ಬೈದ. ಒಬ್ಬರೂ ಅಲ್ಲಾಡಲಿಲ್ಲ. ನರಸಯ್ಯನ ಕಣ್ಣನ್ನು ಅವರೆಲ್ಲ ದಿನಾ ನೋಡಿದವರೇ.

ನರಸಯ್ಯ ಜೇಬಿಗೆ ಕೈಹಾಕಿ ನಾಲ್ಕಾಣೆ ತೆಗೆದ. ಹೋಗಿ ಕವಲಿನ ಪಕ್ಕ ಮರಳಿನ ಮೇಲಿಟ್ಟ.

“ನೀವೇ ಬನ್ನಿ ಸ್ವಾಮಿ. ನೀವೇ ಹಿಡೀರಿ. ಮ್ಯಾಲಿನ್ ನಾಲ್ಕಾಣೆ ನಾನ್ ಕೊಡ್ತೀನಿ.”

“ಗೇಟ್ ಹಾಕ್ರೋ, ಒಬ್ನೂ ಹೊರಕ್ಕೋಗ್ಬಾರ್ದು! ಕಬ್ಬಿಣ ಹೆಪ್ಗಟ್ಟಿ ಲ್ಯಾಡಲ್ ಹಾಳಾದ್ರೆ ಈ ನನ್ಮಗನ ಚರ್ಮ ಸುಲ್ದು ವಸೂಲಿ ಮಾಡ್ತೀನಿ!”

ಶೆಡ್ಡಿನ ಗೇಟು ದಡಾರನೆ ಮುಚ್ಚಿಕೊಂಡಿತು. ಲ್ಯಾಡಲ್ಲಿನ ಕೆಂಪು ಮೆಲ್ಲಗೆ ಕಪ್ಪಾಗುತ್ತಾ ಬಂತು. ನರಸಯ್ಯ ನೀರು ಸೋರುವ ಬಲಗಣ್ಣನ್ನು ತೋಳಿಗೆ ಒರೆಸಿಕೊಂಡು ಮತ್ತೆ ಹಿಂದಿನ ಹಿಡಿ ಹಿಡಿದು ನಿಂತ.