ಮೂರನೇ ಎಣಿಕೆ

ನನ್ನ ತಮ್ಮ ಸನ್ರಾನ ಬಲಗೈಯ ತೋರುಬೆರಳು ಹೇಗೆ ಮುರಿಯಿತು ಅನ್ನುವುದಕ್ಕೆ ನಮ್ಮೂರಲ್ಲಿ ಮೂರು ಕತೆಗಳಿವೆ. ಕಬ್ಬಿನ ಗಾಣಕ್ಕೆ ಸಿಕ್ಕಿತು ಅಂತಾರೆ. ದೋಣಿಯ ಹಗ್ಗಕ್ಕೆ ಸಿಕ್ಕಿತು ಅಂತಾರೆ. ನಾನೇ ಮುರಿದೆ ಅನ್ನುವವರೂ ಇದ್ದಾರೆ. ಅವರ ಹತ್ತಿರ ನಾನು ಜಗಳಕ್ಕೆ ಹೋಗುವುದಿಲ್ಲ.

ನಮ್ಮನ್ನಾಳುವ ಸಮುದ್ರದಾಚೆಯವರು ಚೀನಾದ ಮೇಲೆ ಯುದ್ಧ ಹೂಡಿ ಎರಡನೇ ವರ್ಷ ಅದು. ನಮ್ಮೂರಿಂದ ನಾಹಾದ ಬಂದರಿಗೆ ಅರ್ಧ ದಿನದ ನಡಿಗೆ. ಆ ಬಂದರಿನಿಂದ ಹುಡುಗರು ಬಾವುಟ ಹಿಡಿದು ಹೋಗುತ್ತಿದ್ದರು, ಬಿಳಿ ಬಟ್ಟೆ ಸುತ್ತಿದ ಬೂದಿಯ ಪೆಟ್ಟಿಗೆಯಾಗಿ ವಾಪಸು ಬರುತ್ತಿದ್ದರು. ಸನ್ರಾನಿಗೆ ಇಪ್ಪತ್ತು ತುಂಬುವುದರಲ್ಲಿತ್ತು. ಇಪ್ಪತ್ತು ತುಂಬಿದವರನ್ನೆಲ್ಲ ಪ್ರತಿ ಮೇ ತಿಂಗಳಲ್ಲಿ ಶಾಲೆಯ ಹಜಾರದಲ್ಲಿ ಬತ್ತಲೆ ನಿಲ್ಲಿಸಿ, ಹಲ್ಲು ನೋಡಿ, ತೂಕ ಹಾಕಿ, ದಂಡಿಗೆ ಲಾಯಕ್ಕೋ ಅಲ್ಲವೋ ಅಂತ ಡಾಕ್ಟರು ಬರೆದುಕೊಳ್ಳುತ್ತಿದ್ದ. ಹಂದಿ ಕೊಳ್ಳುವಾಗಲೂ ನಾವು ಅಷ್ಟೇ ನೋಡುವುದು.

ನನ್ನ ಗಂಡ ಫಿಲಿಪೈನ್ಸಿನ ನಾರಿನ ತೋಟಕ್ಕೆ ಕೂಲಿಗೆ ಹೋಗಿ ಅಲ್ಲೇ ಜ್ವರದಲ್ಲಿ ಸತ್ತ. ಅಪ್ಪ ಅಮ್ಮ ಅದಕ್ಕೂ ಮುಂಚೆ ಹೋಗಿದ್ದರು. ಉಳಿದವನು ಇವನೊಬ್ಬ. ನಮ್ಮ ದ್ವೀಪದಲ್ಲಿ ಗಂಡಸನ್ನು ಕಾಯುವ ದೇವರು ಗುಡಿಯಲ್ಲಿ ಇರುವುದಿಲ್ಲ. ಅವನ ಅಕ್ಕನೋ ತಂಗಿಯೋ, ಅವಳೇ ಅವನ ದೇವರು. ಸಮುದ್ರ ದಾಟುವವನಿಗೆ ಒಡಹುಟ್ಟಿದವಳು ತನ್ನ ಮಗ್ಗದಲ್ಲಿ ನೇಯ್ದ ಕೈವಸ್ತ್ರ ಕೊಡುತ್ತಾಳೆ. ಅದು ಮೈಮೇಲಿದ್ದರೆ ಅಲೆ ಮುಟ್ಟದು. ನಾನೂ ಒಂದು ನೇಯುತ್ತಿದ್ದೆ. ಆದರೆ ಕೊನೆಯ ಒಂದು ಗೇಣು ನೇಯದೆ ಮಗ್ಗದಲ್ಲೇ ಬಿಟ್ಟಿದ್ದೆ. ವಸ್ತ್ರ ಮುಗಿಯದೆ ಅವನು ಹೊರಡುವ ಹಾಗಿಲ್ಲ ಅಂತ ನನ್ನ ಹಟ.

ಸನ್ರಾ ಎಂಟು ವರ್ಷದವನಿದ್ದಾಗಿಂದ ಇನಾಫುಕು ಅಜ್ಜನ ಅಂಗಳದಲ್ಲಿ ಕೈ ಕಲಿಯುತ್ತಿದ್ದ. ಶಾಲೆಯವರು ಅದಕ್ಕೆ ಕರಾಟೆ ಅಂತ ದೊಡ್ಡ ಹೆಸರಿಟ್ಟರು. ನಮಗೆ ಅದು ಬರೀ ಕೈ. ಮೊದಲ ಮೂರು ವರ್ಷ ಅಜ್ಜ ಕಲಿಸಿದ್ದು ನಿಲ್ಲುವುದನ್ನು, ಉಸಿರಾಡುವುದನ್ನು. ಆಮೇಲೆ ಮರಳು ತುಂಬಿದ ಗಡಿಗೆಯ ಕಂಠವನ್ನು ಬೆರಳ ತುದಿಯಲ್ಲಿ ಹಿಡಿದು ನಡೆಯುವುದು, ಹಿಡಿ ಹಾಕಿದ ಗುಂಡುಕಲ್ಲು ತಿರುಗಿಸುವುದು, ಹುಲ್ಲು ಸುತ್ತಿದ ಗೂಟಕ್ಕೆ ದಿನಕ್ಕೆ ಇನ್ನೂರು ಸಲ ಗುದ್ದುವುದು. ಅಜ್ಜನ ಯಾವ ವರಸೆಯೂ ಹೊಡೆತದಿಂದ ಶುರುವಾಗುತ್ತಿರಲಿಲ್ಲ. ತಡೆಯಿಂದ ಶುರು, ತಡೆಯಲ್ಲೇ ಮುಗಿತಾಯ. ಏಳು ಜನ ಕಲಿಯುತ್ತಿದ್ದರು. ಏಳು ಜನರ ಕೈಯೂ ಬೇರೆ ಬೇರೆ ಹೊತ್ತಿಗೆ ಏಳುತ್ತಿತ್ತು, ಅವರವರ ಉಸಿರಿನ ಹಾಗೆ.

ಹೆಂತೋನಾ ಮೇಷ್ಟ್ರೂ ಒಂದು ಕಾಲಕ್ಕೆ ಅದೇ ಅಂಗಳದಲ್ಲಿ ನಿಂತವನು. ನಾಲ್ಕು ವರ್ಷ ಕಲಿತು, ಆಚೆಯ ದೊಡ್ಡ ನಾಡಿಗೆ ಓದಲು ಹೋಗಿ, ಬೂಟು ಹಾಕಿಕೊಂಡು, ಕೊರಳಿಗೆ ಸೀಟಿ ನೇತುಹಾಕಿಕೊಂಡು ವಾಪಸು ಬಂದ. ಅವನ ಶಾಲೆಯಲ್ಲಿ ಆಚೆಯವರ ಮಾತು ಬಿಟ್ಟು ನಮ್ಮ ದ್ವೀಪದ ಮಾತಾಡಿದ ಮಕ್ಕಳ ಕೊರಳಿಗೆ ಮರದ ಹಲಗೆ ಬೀಳುತ್ತಿತ್ತು. ಇನ್ನೊಂದು ಮಗು ನಮ್ಮ ಮಾತಾಡಿ ಸಿಕ್ಕಿಬೀಳುವ ತನಕ ಅದು ಕೊರಳಲ್ಲೇ ಇರಬೇಕು. ಅಂಥವನು ಫೆಬ್ರವರಿಯ ಒಂದು ಬೆಳಿಗ್ಗೆ ಅಜ್ಜನ ಕಲ್ಲುಗೋಡೆಗೆ ಮೊಣಕೈ ಊರಿ ನಿಂತ. ನಾನು ಅಜ್ಜನಿಗೆ ಬೇಯಿಸಿದ ಗೆಣಸು ತಂದಿದ್ದೆ.

"ಅಜ್ಜ, ಮೂರು ವರ್ಷ ಬರೀ ನಿಲ್ಲೋದು ಕಲಿಸ್ತೀರಲ್ಲ, ನಾನು ಮೂರು ತಿಂಗಳಲ್ಲಿ ಅರವತ್ತು ಜನಕ್ಕೆ ಐದು ವರಸೆ ಕಲಿಸ್ದೆ."

"ಕೇಳ್ದೆ ಕಣಪ್ಪ," ಅಂದ ಅಜ್ಜ. "ಒಬ್ಬ ಸೀನಿದ್ರೆ ಅರವತ್ತು ಜನಾನೂ ಸೀನ್ತಾರಂತೆ."

ಕಲಿಯುವವರು ನಕ್ಕರು. ಮೇಷ್ಟ್ರು ನಗಲಿಲ್ಲ.

"ಒಬ್ಬೊಬ್ಬ ಒಂದೊಂದು ಹೊತ್ತಿಗೆ ಕೈ ಎತ್ತಿದ್ರೆ ಅದನ್ನ ಶಿಸ್ತು ಅಂತಾರಾ? ಮೊದ್ಲು ಎಣಿಕೆ. ಎಣಿಕೆ ಕೇಳಿದ್ರೆ ಕೈ ಏಳ್ಬೇಕು. ಯೋಚ್ನೆ ಹಿಂದಿಂದ ಬರ್ಲಿ. ಬರ್ದಿದ್ರೂ ನಷ್ಟ ಇಲ್ಲ."

"ನನ್ನ ಹತ್ರ ಕಲಿತವನ ಕೈ ಅವನ ಮಾತೂ ಕೇಳಲ್ಲ ಕಣೋ. ಯಾವಾಗ ಏಳ್ಬೇಕು ಅಂತ ಅದಕ್ಕೇ ಗೊತ್ತು. ಮನೆಗೆ ಜೀವಂತ ವಾಪಸು ಬರೋದಕ್ಕೆ ಕೈ ಕಲಿಯೋದು. ನೀನು ಕಲಿಸೋದು ಮನೆ ಬಿಟ್ಟು ಹೋಗೋದನ್ನ."

ಮೇಷ್ಟ್ರು ಆ ಮಾತನ್ನು ಬಿಟ್ಟು ನನ್ನ ಕಡೆ ತಿರುಗಿದ. "ನಬೀ, ನಿನ್ನ ತಮ್ಮನ್ನ ನನ್ನ ಸಾಲಿಗೆ ಕಳ್ಸು. ಮೇ ತಿಂಗಳ ದಂಡಿನ ಪರೀಕ್ಷೆ ದಿನ ಪಟ್ಟಣದಿಂದ ಅಧಿಕಾರಿ ಬರ್ತಾರೆ. ಇವನು ಸಾಲಿನ ಮುಂದೆ ನಿಂತು ಮಾಡಿದ್ರೆ ಶಾಲೆಗೆ ಕಸರತ್ತಿನ ಮೇಷ್ಟ್ರಾಗಿ ತಗೋತೀವಿ. ಮೇಷ್ಟ್ರುಗಳನ್ನ ದಂಡಿಗೆ ಕರ್ಯಲ್ಲ."

ಅಂಥ ಮಾತು ಕೇಳಲೆಂದೇ ನನ್ನ ಕಿವಿ ವರ್ಷದಿಂದ ಕಾದು ಕೂತಿತ್ತು. ದಿಕ್ಕಿಲ್ಲದವಳಿಗೆ ಯಾವ ಆಸೆ ತೋರಿಸಬೇಕು ಅಂತ ಆಳುವವರಿಗೆ ಚೆನ್ನಾಗಿ ಗೊತ್ತು. ಅದನ್ನು ನಮ್ಮವನದೇ ಬಾಯಲ್ಲಿ ಹೇಳಿಸುತ್ತಾರೆ.

ಅವತ್ತು ಸನ್ರಾ ಅಂದ, "ಬೇಡ ಅಕ್ಕಾ. ಅಜ್ಜ ಬೈತಾನೆ."

"ಬೈಗುಳ ತಿಂದು ಬದುಕ್ಬೋದು, ಗುಂಡು ತಿಂದು ಆಗಲ್ಲ. ನಡಿ."

ಅಜ್ಜ ಬೈಯಲಿಲ್ಲ. ಸನ್ರಾ ಹಿಡಿಯುತ್ತಿದ್ದ ಗಡಿಗೆಗಳ ಮರಳನ್ನು ಅಂಗಳಕ್ಕೆ ಸುರಿದು, ಗೋಡೆಯ ಪಕ್ಕ ಬೋರಲು ಹಾಕಿದ.

ಅವತ್ತಿಂದ ದಿನಾ ಬೆಳಿಗ್ಗೆ ಶಾಲೆಯ ಬಯಲಲ್ಲಿ ಎಣಿಕೆ. ಒಂದು ಎರಡು ಮೂರು, ಅದೂ ಆಚೆಯವರ ಮಾತಿನಲ್ಲಿ. ಇಚಿ ಅಂದರೆ ಹೆಜ್ಜೆ. ನಿ ಅಂದರೆ ಹೊಡೆತ. ಸಾನ್ ಅಂದರೆ ಹೇಗಿದ್ದಾರೋ ಹಾಗೇ ಕಲ್ಲಾಗಿ ನಿಲ್ಲಬೇಕು. ಸಾಕು ಅನ್ನುವ ಅಪ್ಪಣೆ ಬರುವ ತನಕ ರೆಪ್ಪೆಯೂ ಬಡಿಯಬಾರದು. ನೊಣ ಕೂತರೂ ಅಷ್ಟೇ, ಮಳೆ ಬಂದರೂ ಅಷ್ಟೇ. ಒಮ್ಮೆ ಮೇಷ್ಟ್ರು ಸಾನ್ ಅಂದು ಚಹಾ ಕುಡಿಯಲು ಒಳಗೆ ಹೋದ. ಅರವತ್ತು ಗಂಡಸರು ಬಿಸಿಲಲ್ಲಿ ಗುದ್ದು ಚಾಚಿಕೊಂಡು ನಿಂತೇ ಇದ್ದರು. ಹಂದಿಗೆ ಸೊಪ್ಪು ತರಲು ಹೊರಟವಳು ನಾನು ಬೇಲಿಯ ಹತ್ತಿರ ನಿಂತು ನೋಡಿದೆ. ಬಯಲಲ್ಲಿ ಅಷ್ಟು ಜನರಿದ್ದರೂ ಯಾರೂ ಇಲ್ಲದ ಹಾಗಿತ್ತು.

ಏಪ್ರಿಲ್ ಕೊನೆಗೆ ನಡೆದ ಮಾತು. ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಹಾಗಲಕಾಯಿ ಹುರಿದಿದ್ದೆ, ಸನ್ರಾ ಮೀನುಗಾರರ ಮನೆಯ ಮದುವೆ ಜಗಳ ಹೇಳುತ್ತ ನಗುತ್ತಿದ್ದ. ಹೊರಗೆ ದಾರಿಯಲ್ಲಿ ಆಡುತ್ತಿದ್ದ ಮಕ್ಕಳು ಮೇಷ್ಟ್ರನ್ನು ಅಣಕಿಸುತ್ತ ಕೂಗಿದವು: "ಇಚಿ! ನಿ! ಸಾನ್!"

ಬಟ್ಟಲು ಬಿತ್ತು. ಸನ್ರಾ ಎದ್ದು ಗುದ್ದು ಚಾಚಿ ನಿಂತಿದ್ದ. ಬಿಸಿ ಸಾರು ಪಾದದ ಮೇಲೆ ಹರಿಯುತ್ತಿತ್ತು.

"ಲೋ, ತಮಾಷೆ ಸಾಕು. ಕಾಲು ಸುಡ್ತಿದೆ ನೋಡೋ."

ಅವನು ನೋಡಲಿಲ್ಲ. ನಾನು ಭುಜ ಹಿಡಿದು ಅಲುಗಿಸಿದ ಮೇಲೆ ಬಟ್ಟಲ ಕಡೆ ನೋಡಿ, "ಯಾರು ಚೆಲ್ಲಿದ್ದು ಅಕ್ಕಾ?" ಅಂತ ಕೇಳಿದ.

ಹಾಗೇ ಎದ್ದು ಶಾಲೆಗೆ ಓಡಿದೆ. ಮೇಷ್ಟ್ರು ಜಗುಲಿಯಲ್ಲಿ ಕೂತು ಬೂಟು ಒರೆಸುತ್ತಿದ್ದ.

"ಕೆಲಸದ ಕಾಗದ ಯಾವಾಗ ಕೊಡ್ತೀರಿ ಮೇಷ್ಟ್ರೇ?"

"ಯಾವ ಕೆಲಸ?"

"ಕಸರತ್ತಿನ ಮೇಷ್ಟ್ರು ಮಾಡ್ತೀನಿ ಅಂದಿದ್ರಲ್ಲ."

"ಓ, ಅದಾ! ದಂಡಿಂದ ವಾಪಸು ಬರ್ಲಿ, ಆಮೇಲೆ ನೋಡೋಣ. ಮೈ ಹೇಗೆ ಮಾಡ್ಕೊಂಡಿದಾನೆ ನೋಡಿದೀಯಾ? ಮೊದ್ಲನೇ ದರ್ಜೆ ಅಂತ ನಾನು ಆಗ್ಲೇ ಮೇಲಕ್ಕೆ ಬರ್ದು ಕಳ್ಸಿದೀನಿ. ಹೆಮ್ಮೆ ಪಡ್ಬೇಕು ನೀನು."

ನನ್ನ ಬಾಯಲ್ಲಿ ಬಂದದ್ದು ನಮ್ಮ ಮಾತಿನ ಅತಿ ಕೊಳಕು ಬೈಗುಳ. ಅವನು ಗೋಡೆಯ ಮೊಳೆಗೆ ನೇತುಬಿದ್ದಿದ್ದ ಮರದ ಹಲಗೆ ತೋರಿಸಿ ನಕ್ಕ. "ಬೇಕಾ ನಿಂಗೂ ಒಂದು?"

ಪರೀಕ್ಷೆಗೆ ಒಂಬತ್ತು ದಿನ ಉಳಿದಿತ್ತು. ಮರುದಿನ, ಊರೆಲ್ಲ ಕಬ್ಬಿನ ಗದ್ದೆಯಲ್ಲಿದ್ದ ಹೊತ್ತಿಗೆ, ಸನ್ರಾನನ್ನು ಕರೆದುಕೊಂಡು ಅಜ್ಜನ ಅಂಗಳಕ್ಕೆ ಹೋದೆ. ಏನು ಹೇಳಬೇಕು ಅಂತ ತಿಳಿಯದೆ ಮಗ್ಗದಿಂದ ಕತ್ತರಿಸಿ ತಂದ ಕೈವಸ್ತ್ರವನ್ನು ಅಜ್ಜನ ಮುಂದೆ ಇಟ್ಟೆ. ಕೊನೆಯ ಗೇಣು ನೇಯದೆ ನೂಲು ಹಾಗೇ ಜೋತಾಡುತ್ತಿತ್ತು.

ಅಜ್ಜ ಆ ನೂಲನ್ನು ತನ್ನ ತೋರುಬೆರಳಿಗೆ ಸುತ್ತಿಕೊಂಡ. "ಬಂದೂಕಿನ ಕುದುರೆ ಎಳೆಯೋ ಬೆರಳು," ಅಂದ. "ಅದೊಂದು ಹೋದ್ರೆ ಬೇಡ ಅಂತಾರೆ. ನಮ್ಮ ಕಾಲದಲ್ಲೂ ಮಾಡ್ಕೊಂಡಿದ್ರು." ಆಮೇಲೆ ಸನ್ರಾನ ಕಡೆ ನೋಡಿದ. "ನೀನು ಏನಂತೀಯೋ?"

"ಪೆಟ್ಟಿಗೇಲಿ ವಾಪಸು ಬರೋದಕ್ಕಿಂತ ಬೆರಳು ಅಗ್ಗ ಅಜ್ಜ."

"ಹನ್ನೆರಡು ವರ್ಷ ಕಟ್ಟಿದ ಕೈ ಕಣೋ."

"ಒಂಬತ್ತು ಬೆರಳಲ್ಲಿ ಗಡಿಗೆ ಹಿಡೀತೀನಿ ಬಿಡು."

ಗೂಟಕ್ಕೆ ತೋರುಬೆರಳು ಚಾಚಿ ಗುದ್ದಬೇಕು. ಗುದ್ದಿದರೆ ಮುರಿದೇ ಮುರಿಯುತ್ತದೆ. ಸನ್ರಾ ನಿಂತ, ಉಸಿರು ತುಂಬಿಕೊಂಡ, ಹೊಡೆದ. ಗೂಟ ನಡುಗಿತು. ಬೆರಳು ಒಳಗಿತ್ತು. ಗುದ್ದು ಮುಚ್ಚಿಕೊಂಡುಬಿಟ್ಟಿತ್ತು. ಇನ್ನೊಂದು ಸಲ ಹೊಡೆದ. ಮತ್ತೆ ಅದೇ. ಆರು ಸಲ ಹೊಡೆದ. ಕೊನೆಗಳಿಗೆಯಲ್ಲಿ ಬೆರಳು ಸರಿಯಾದ ಜಾಗಕ್ಕೆ ತಾನೇ ಮಡಚಿಕೊಳ್ಳುತ್ತಿತ್ತು.

"ಕಲ್ಲಿನ ಮೇಲೆ ಇಡು," ಅಂದ ಅಜ್ಜ.

ಮೆಟ್ಟಿಲಿನ ಹವಳಗಲ್ಲಿನ ಮೇಲೆ ಬೆರಳು ಚಾಚಿ ಇಟ್ಟ. ಅಜ್ಜ ಗುಂಡುಕಲ್ಲು ಎತ್ತಿ ಬಿಟ್ಟ. ಸನ್ರಾನ ಬಲಗೈ ಅಲ್ಲಿರಲಿಲ್ಲ. ಎಡಗೈ ಎದ್ದು ಅಜ್ಜನ ಮುಂಗೈಯನ್ನು ಪಕ್ಕಕ್ಕೆ ತಳ್ಳಿತ್ತು. ಮೊದಲ ವರಸೆಯ ಮೊದಲ ತಡೆ, ಕೂದಲೆಳೆಯಷ್ಟೂ ತಪ್ಪಿಲ್ಲದೆ. ಕಣ್ಣಿಗೆ ಬಟ್ಟೆ ಕಟ್ಟಿದೆವು. ಆಗಲೂ ಎಡಗೈ ಎದ್ದಿತು. ಹಿಡಿದುಕೊಳ್ಳೋಣವೆಂದರೆ ಆ ಕೈಯನ್ನು ಹಿಡಿಯುವ ಶಕ್ತಿ ನಮ್ಮಿಬ್ಬರಿಗೂ ಇರಲಿಲ್ಲ.

ಅಜ್ಜ ಕೆಳಗೆ ಕೂತ. ನಗುತ್ತಿದ್ದಾನೋ ಅಳುತ್ತಿದ್ದಾನೋ ತಿಳಿಯಲಿಲ್ಲ. "ನಾನು ಬಹಳ ಚೆನ್ನಾಗಿ ಕಲಿಸ್ಬಿಟ್ಟೆ ನಬೀ," ಅಂದ.

ಆಗ ನನಗೆ ನೆಲದ ಮೇಲೆ ಬಿದ್ದ ಬಟ್ಟಲು ನೆನಪಾಯಿತು.

"ಅಜ್ಜ, ಎಣಿಸು. ಶಾಲೇಲಿ ಎಣಿಸೋ ಹಾಗೆ."

"ಆ ಮಾತು ನನ್ನ ನಾಲಿಗೆ ಮೇಲೆ ಬರಲ್ಲ."

"ಹಾಗಾದ್ರೆ ಕಲ್ಲು ನೀನು ಹಿಡ್ಕೋ."

ಸನ್ರಾ ನನ್ನ ಮುಖ ನೋಡಿದ. ಅವನಿಗೂ ಅರ್ಥವಾಗಿತ್ತು. ಬೆರಳನ್ನು ಕಲ್ಲಿನ ಮೇಲಿಟ್ಟು, "ಬೇಗ ಮುಗ್ಸು ಅಕ್ಕಾ," ಅಂದ.

ನಾನು ಅವನ ದೇವರು. ಎದೆ ಸೆಟೆಸಿ, ಗಂಟಲು ಒರಟು ಮಾಡಿಕೊಂಡು, ಆ ಬೂಟಿನವನ ದನಿಯಲ್ಲೇ ಕೂಗಿದೆ. "ಇಚಿ!" ಅವನ ಬೆನ್ನು ನೆಟ್ಟಗಾಯಿತು. "ನಿ!" ಮುಂಗೈ ಬಿಗಿಯಿತು. "ಸಾನ್!"

ನನ್ನ ತಮ್ಮನ ಕಣ್ಣಿಂದ ನನ್ನ ತಮ್ಮ ಹೊರಟುಹೋದ. ಕಲ್ಲು ಬಿತ್ತು. ಒಣ ಕಬ್ಬು ಮುರಿದ ಹಾಗೆ ಸದ್ದಾಯಿತು. ಕೈ ಅಲ್ಲೇ ಇತ್ತು.

ಅವನು ಕೂಗಲಿಲ್ಲ. ಎದುರಿನ ಗೋಡೆಯನ್ನೇ ನೋಡುತ್ತಿದ್ದ. ರಕ್ತ ಮೆಟ್ಟಿಲಿಳಿಯುತ್ತಿತ್ತು. "ಸಾಕು ಕಣೋ, ಆಯ್ತು," ಅಂದೆ ನಮ್ಮ ಮಾತಿನಲ್ಲಿ. ಅಲುಗಲಿಲ್ಲ. ಕೆನ್ನೆ ತಟ್ಟಿದೆ. ನಿನ್ನೆ ಭುಜ ಅಲುಗಿಸಿದ್ದಕ್ಕೆ ಎಚ್ಚೆತ್ತವನು ಇವತ್ತು ಎಚ್ಚೆತ್ತುಕೊಳ್ಳಲಿಲ್ಲ. ಕೊನೆಗೆ ಆಚೆಯವರ ಮಾತಿನಲ್ಲಿ, ಮೇಷ್ಟ್ರ ಹಾಗೆ, ಸಾಕು ಅನ್ನುವ ಅಪ್ಪಣೆ ಕೊಟ್ಟೆ. ಆಗ ಕಿರುಚಿದ. ಆ ಕೂಗಿಗೆ ಆಲದ ಮರದ ಬಾವಲಿಗಳೆಲ್ಲ ಹಗಲಲ್ಲೇ ಎದ್ದವು.

ಕೈವಸ್ತ್ರವನ್ನು ನಾಲ್ಕು ಸುತ್ತು ಸುತ್ತಿ ಬಿಗಿದೆ. ನೂಲಿನ ತುದಿಗಳು ಕೆಂಪಾಗಿ ಜೋತುಬಿದ್ದವು.

ಅಜ್ಜ ಕಲ್ಲಿನ ಮೇಲಿಂದ ಕಣ್ಣು ತೆಗೆಯದೆ ಹೇಳಿದ, "ನನ್ನ ಹನ್ನೆರಡು ವರ್ಷಾನ ಅವರು ಮೂರು ತಿಂಗಳಲ್ಲಿ ಗೆದ್ರು. ಬೆರಳು ಉಳೀಲಿಲ್ಲ ಅಂತ ನನಗೆ ದುಃಖ ಇಲ್ಲ. ಅವನು ಕೈ ಹಿಂದಕ್ಕೆ ತಗೊಳ್ಲಿಲ್ಲವಲ್ಲ ನಬೀ, ಅದಕ್ಕೆ ಹೆದರಿಕೆ."

ಪರೀಕ್ಷೆಯ ದಿನ ಹೆಂಗಸರನ್ನು ಬೇಲಿಯ ಆಚೆ ನಿಲ್ಲಿಸಿದರು. ಸೆಖೆಗೆ ಹಜಾರದ ಬಾಗಿಲು ತೆಗೆದಿಟ್ಟಿದ್ದರು, ಎಲ್ಲ ಕಾಣುತ್ತಿತ್ತು, ಕೇಳುತ್ತಲೂ ಇತ್ತು. ಮೂವತ್ತು ಜನ ಬತ್ತಲೆ ಗಂಡಸರು. ಮೇಜಿನ ಹಿಂದೆ ಡಾಕ್ಟರು. ಅವನ ಪಕ್ಕ ಕತ್ತಿ ಕಟ್ಟಿಕೊಂಡ ಅಧಿಕಾರಿ ಕೂತು ಬೀಸಣಿಗೆ ಬೀಸಿಕೊಳ್ಳುತ್ತಿದ್ದ.

ಡಾಕ್ಟರು ಸನ್ರಾನ ಕೈಯ ವಸ್ತ್ರ ಬಿಚ್ಚಿ ಬೆರಳು ತಿರುವಿದ. "ಇದೇನು?"

"ಗಾಣಕ್ಕೆ ಸಿಕ್ತು ಸ್ವಾಮಿ."

"ಛೆ, ಮೈ ನೋಡಿದ್ರೆ ಎತ್ತಿನ ಹಾಗಿದೆ. ಬೆರಳು ಕೂಡಲ್ಲ ಇದು." ಹೆಂತೋನಾ ಮೇಷ್ಟ್ರ ಕಡೆ ಸಿಟ್ಟಿಂದ ನೋಡಿ, ಡಾಕ್ಟರು ಲೇಖನಿ ಎತ್ತಿಕೊಂಡ. ಬೇಡ ಅಂತ ಬರೆಯಲು ಎಷ್ಟು ಹೊತ್ತು ಬೇಕು? ನಾನು ಬೇಲಿಯ ಬಿದಿರನ್ನು ಹಿಡಿದುಕೊಂಡಿದ್ದೆ.

ಮೇಷ್ಟ್ರಿಗೆ ತನ್ನ ಮರ್ಯಾದೆಯ ಚಿಂತೆ. "ಇವನು ನನ್ನ ಸಾಲಿನ ಮುಂದಾಳು ಸ್ವಾಮಿ. ಒಂದು ನಿಮಿಷ, ನೋಡಿ," ಅಂದವನೇ ಕೂಗಿದ. "ಇಚಿ! ನಿ! ಸಾನ್!"

ಅಲ್ಲಿದ್ದ ಅರ್ಧ ಜನ ಅವನ ಸಾಲಿನವರೇ. ಬತ್ತಲೆ ಇದ್ದೇವೆ ಅಂತ ನಾಚಿ ಅವರೆಲ್ಲ ಒಂದು ಕ್ಷಣ ತಡೆದರು. ಸನ್ರಾ ತಡೆಯಲಿಲ್ಲ. ಹೆಜ್ಜೆಯಿಟ್ಟು, ಮುರಿದ ಕೈಯಲ್ಲೇ ಗುದ್ದು ಚಾಚಿ, ಕಲ್ಲಾದ.

ಅಧಿಕಾರಿ ಬೀಸಣಿಗೆ ಮಡಚಿ ಎದ್ದು ಬಂದ. ಒಂದು ಸುತ್ತು ಬಂದು ನೋಡಿದ. ಆಮೇಲೆ ಮುರಿದ ಬೆರಳನ್ನು ಎರಡು ಬೆರಳಲ್ಲಿ ಹಿಡಿದು, ನಿಧಾನವಾಗಿ, ಗಟ್ಟಿಯಾಗಿ ಅದುಮಿದ. ಸನ್ರಾನ ಹಣೆಯ ಮೇಲೆ ಬೆವರು ಒಡೆಯಿತು. ಮುಖ ಮಾತ್ರ ಹಾಗೇ ಇತ್ತು.

"ಗುಂಡು ಹಾರಿಸೋಕೆ ಬೇರೆ ಜನ ಸಿಗ್ತಾರೆ," ಅಂದ ಅಧಿಕಾರಿ, ಡಾಕ್ಟರ ಕಡೆ ತಿರುಗಿ. "ಗುಂಡಿನ ಪೆಟ್ಟಿಗೆ ಹೊತ್ಕೊಂಡು ಎಲ್ಲರಿಗಿಂತ ಮುಂದೆ ಓಡೋಕೆ ಇಂಥವನು ಸಿಗಲ್ಲ. ತಗೊಳ್ಳಿ."

ಲೇಖನಿ ಕಾಗದಕ್ಕೆ ಇಳಿಯಿತು.

"ಸನ್ರಾ! ಸಾಕು ಬಾರೋ ಮನೆಗೆ!" ಅಂತ ನಮ್ಮ ಮಾತಿನಲ್ಲಿ, ನಮ್ಮ ಅಮ್ಮ ಕೂಗುತ್ತಿದ್ದ ಹಾಗೆ, ನಾನು ಬೇಲಿಯ ಆಚೆಯಿಂದ ಕೂಗಿದೆ.

ಡಾಕ್ಟರು ತಿರುಗಿದ. ಅಧಿಕಾರಿ ತಿರುಗಿದ. ಮೇಷ್ಟ್ರು ತಿರುಗಿದ. ಬತ್ತಲೆ ನಿಂತ ಇಪ್ಪತ್ತೊಂಬತ್ತು ಜನರೂ ತಿರುಗಿ ನನ್ನನ್ನು ನೋಡಿದರು. ಅವನೊಬ್ಬ ನೋಡಲಿಲ್ಲ.